ಲಾಜರನ ಬೆರಳ ತುದಿಯ ನೀರು

ಕಥೆ ಸಣ್ಣದು. ಲೂಕನ ಸುವಾರ್ತೆಯ ಹದಿನಾರನೆಯ ಅಧ್ಯಾಯದ ಕೊನೇ ಹದಿಮೂರು ವಚನಗಳಲ್ಲಿ ಮುಗಿದುಹೋಗುತ್ತದೆ. ಒಬ್ಬ ಧಣಿ ಇದ್ದ. ನೇರಳೆಗೆಂಪಿನ ಬೆಲೆಬಾಳುವ ಬಟ್ಟೆ ತೊಡುತ್ತಿದ್ದ, ದಿನಾ ಹಬ್ಬ ಮಾಡಿ ಉಣ್ಣುತ್ತಿದ್ದ. ಅವನ ಹೆಬ್ಬಾಗಿಲ ಮುಂದೆ ಲಾಜರ ಅನ್ನುವ ಬಡವ ಬಿದ್ದಿರುತ್ತಿದ್ದ. ಮೈತುಂಬ ಹುಣ್ಣು. ಧಣಿಯ ಊಟದಲ್ಲಿ ಕೆಳಗೆ ಉದುರಿದ್ದು ಸಿಕ್ಕರೂ ಸಾಕು ಅನ್ನುವ ಆಸೆ. ನಾಯಿಗಳು ಬಂದು ಹುಣ್ಣು ನೆಕ್ಕುತ್ತಿದ್ದವು. ಇಬ್ಬರೂ ಸತ್ತರು. ಲಾಜರನನ್ನು ದೇವದೂತರು ಎತ್ತಿಕೊಂಡು ಹೋಗಿ ಮೂಲಪುರುಷ ಅಬ್ರಹಾಮನ ಮಗ್ಗುಲಿಗೆ ಸೇರಿಸಿದರು. ಧಣಿ ಪಾತಾಳದ ಬೆಂಕಿಗೆ ಬಿದ್ದ. ಅಲ್ಲಿಂದ ತಲೆಯೆತ್ತಿ ನೋಡಿ ಕೂಗಿಕೊಂಡ. ಆ ಲಾಜರನನ್ನು ಇತ್ತ ಕಳಿಸು, ಬೆರಳ ತುದಿಯಷ್ಟು ನೀರು ತಂದು ನನ್ನ ನಾಲಿಗೆಗೆ ಮುಟ್ಟಿಸಲಿ ಅಂತ ಬೇಡಿದ. ಆಗಲ್ಲ ಅಂದ ಅಬ್ರಹಾಮ. ನಿನ್ನ ಸುಖ ಅಲ್ಲೇ ಉಂಡು ಮುಗಿಸಿದೆ, ಅವನ ಕಷ್ಟ ಅಲ್ಲೇ ತಿಂದು ಮುಗಿಸಿದ; ಮೇಲಾಗಿ ನಮ್ಮಿಬ್ಬರ ನಡುವೆ ದೊಡ್ಡ ಕಂದಕವಿದೆ, ಯಾರೂ ದಾಟುವ ಹಾಗಿಲ್ಲ.

ನಾವು ಇದನ್ನು ಮೊದಲು ಓದಿದ್ದು ಕಾಲೇಜಿನ ದಿನಗಳಲ್ಲಿ, ಹಾಸ್ಟೆಲಿನ ಬಾಗಿಲಲ್ಲಿ ಯಾರೋ ಹಂಚಿಹೋಗಿದ್ದ ಅಂಗೈಯಗಲದ ಪುಸ್ತಕದಲ್ಲಿ. ಧರ್ಮದ ಗೀಳು ನಮಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಅಚ್ಚಾದ ಹಾಳೆ ಪುಕ್ಕಟೆ ಸಿಕ್ಕರೆ ಬಿಡದೆ ಓದುವ ಹಸಿವು, ಅಷ್ಟೆ. ಮನೆಯಲ್ಲಿ ಅಕ್ಷರ ಕಂಡವರಲ್ಲಿ ನಾವೇ ಮೊದಲಿಗರು. ನೀರು ಅನ್ನುವಲ್ಲಿಗೆ ಬಂದಾಗ ಪುಸ್ತಕ ಮಡಿಚಿಟ್ಟೆವು. ನಮ್ಮವ್ವ ಕೂಲಿ ಮುಗಿಸಿ ಧಣಿಗಳ ಮನೆಯ ಹಿತ್ತಿಲಲ್ಲಿ ನಿಂತು ಬೊಗಸೆ ಒಡ್ಡುತ್ತಿದ್ದಳು, ಅವರು ಮೇಲಿನಿಂದ ಚೊಂಬು ಬಗ್ಗಿಸಿ ಹುಯ್ಯುತ್ತಿದ್ದರು. ಚೊಂಬಿನ ಬಾಯಿಗೂ ಅವ್ವನ ಬೊಗಸೆಗೂ ನಡುವೆ ಒಂದು ಮೊಳ ಅಂತರ. ದಾಟಲಾಗದ ಕಂದಕ ಅಂದರೆ ಏನು ಅಂತ ನಮಗೆ ಯಾವ ಪಾದ್ರಿಯೂ ಹೇಳಿಕೊಡಬೇಕಾಗಿರಲಿಲ್ಲ. ಆದರೆ ಕಥೆಯಲ್ಲಿ ಇದು ತಿರುಗಾಮುರುಗ ಆಗಿದೆ. ಕೀವು ಸೋರುವ ಮೈಯವನ ಬೆರಳಿನಿಂದ, ನಾಯಿ ಮುಟ್ಟಿದವನ ಬೆರಳಿನಿಂದ, ಒಂದು ಹನಿ ನೀರಿಗಾಗಿ ಧಣಿ ನಾಲಿಗೆ ಚಾಚುತ್ತಾನೆ. ನರಕದಲ್ಲಿ ಮೈಲಿಗೆ ಇಲ್ಲ!

ಗೆಳೆಯರೆ, ಈ ಕಥೆಯನ್ನು ಎರಡು ಸಾವಿರ ವರ್ಷದಿಂದ ಯಾರು ಯಾರಿಗೆ ಹೇಳಿದರು, ಹೇಳಿ ಏನು ದಕ್ಕಿಸಿಕೊಂಡರು ಅನ್ನುವುದೇ ಒಂದು ಚರಿತ್ರೆ. ಅದನ್ನು ಇಲ್ಲಿ ಬರೆಯಲು ಹೊರಟಿದ್ದೇವೆ.

ಮೊದಲು ಕಥೆಯನ್ನೇ ಇನ್ನೊಮ್ಮೆ ನೋಡೋಣ. ಯೇಸು ಹೇಳಿದನೆನ್ನುವ ಸಾಮತಿಗಳಲ್ಲಿ ರೈತ ಬರುತ್ತಾನೆ, ಕುರುಬ ಬರುತ್ತಾನೆ, ಸಾಲಗಾರ, ನ್ಯಾಯಾಧೀಶ, ವಿಧವೆ ಎಲ್ಲರೂ ಬರುತ್ತಾರೆ. ಯಾರಿಗೂ ಹೆಸರಿಲ್ಲ. ಹೆಸರಿರುವುದು ಈ ಒಬ್ಬ ಭಿಕ್ಷುಕನಿಗೆ. ಹೀಬ್ರೂ ಭಾಷೆಯ ಎಲ್ಲಾಜಾರ್ ಅನ್ನುವ ಹೆಸರು ಗ್ರೀಕಿನಲ್ಲಿ ಲಾಜರ ಆಗಿದೆ. ದೇವರು ನೆರವಾದ ಅಂತ ಅರ್ಥ. ಧಣಿಗೆ ಹೆಸರಿಲ್ಲ. ಯೂರೋಪಿನವರು ಅವನನ್ನು ಡೈವ್ಸ್ ಅಂತ ಕರೆಯುತ್ತಾರಲ್ಲ, ಅದು ಹೆಸರೇ ಅಲ್ಲ, ಲ್ಯಾಟಿನಿನಲ್ಲಿ ಸಿರಿವಂತ ಅನ್ನುವ ಪದ. ನಮ್ಮ ಹಳ್ಳಿಗಳ ಲೆಕ್ಕ ಇದಕ್ಕೆ ಉಲ್ಟಾ. ಧಣಿಗೆ ಮೂರು ತಲೆಮಾರಿನ ಹೆಸರಿರುತ್ತದೆ, ಆಳಿಗೆ ‘ಲೇ’ ಅನ್ನುವುದೇ ಹೆಸರು. ಇನ್ನೊಂದು ವಿಷಯ. ನರಕದಲ್ಲಿ ಬಿದ್ದರೂ ಧಣಿಯ ಧಿಮಾಕು ಇಳಿದಿಲ್ಲ. ಲಾಜರನ ಹತ್ತಿರ ನೇರ ಮಾತಾಡಲ್ಲ. ದೊಡ್ಡವನಿಗೆ ಹೇಳಿ ಅವನನ್ನು ಕಳಿಸು ಅನ್ನುತ್ತಾನೆ. ನೀರಾಗಲಿಲ್ಲ ಅಂದಮೇಲೆ, ಭೂಮಿಯ ಮೇಲಿರುವ ನನ್ನ ಐದು ಜನ ಅಣ್ಣತಮ್ಮಂದಿರಿಗೆ ಎಚ್ಚರ ಹೇಳಲು ಅವನನ್ನಾದರೂ ಕಳಿಸು ಅಂತ ಕೇಳುತ್ತಾನೆ. ಸ್ವರ್ಗಕ್ಕೆ ಹೋದವನೂ ಅವನ ಕಣ್ಣಿಗೆ ಓಲೆಕಾರನೇ. ಲಾಜರನಾದರೋ ಇಡೀ ಕಥೆಯಲ್ಲಿ ಒಂದು ಮಾತೂ ಆಡುವುದಿಲ್ಲ.

ಧಣಿಯ ಬಟ್ಟೆಯ ಬಣ್ಣದ ವಿಷಯ ಹೇಳಲೇಬೇಕು. ಅದು ಮೆಡಿಟರೇನಿಯನ್ ಸಮುದ್ರದ ಒಂದು ಜಾತಿಯ ಶಂಖದ ಹುಳುವನ್ನು ಕೊಂದು, ಕೊಳೆಸಿ, ಕುದಿಸಿ ತೆಗೆಯುತ್ತಿದ್ದ ಬಣ್ಣ. 1909ರಲ್ಲಿ ಪಾಲ್ ಫ್ರೀಡ್‌ಲೆಂಡರ್ ಅನ್ನುವ ರಸಾಯನಶಾಸ್ತ್ರಜ್ಞ 12,000 ಹುಳುಗಳಿಂದ ತೆಗೆದ ಬಣ್ಣ ಒಂದೂವರೆ ಗ್ರಾಮಿಗೂ ಕಡಿಮೆ. ಗಲಿಲಾಯಕ್ಕೆ ಹತ್ತಿರದ ತೂರ್ ಪಟ್ಟಣ ಈ ಕಸುಬಿಗೆ ಹೆಸರಾಗಿತ್ತು. ಬಣ್ಣದ ಕೆಲಸದಿಂದಾಗಿ ಆ ಊರಲ್ಲಿ ವಾಸ ಮಾಡುವುದೇ ಕಷ್ಟ, ಆದರೆ ಊರಿಗೆ ದುಡ್ಡು ಬಂದದ್ದೂ ಅದರಿಂದಲೇ ಅಂತ ಆ ಕಾಲದ ಭೂಗೋಳಕಾರ ಸ್ಟ್ರಾಬೊ ಬರೆದಿದ್ದಾನೆ. ನಾತ ಕುಡಿದವರು ಯಾರೋ, ತೊಟ್ಟವನು ಯಾರೋ. ಚರ್ಮ ಹದ ಮಾಡುವ ಕೇರಿಯಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆ ನಾಡು ರೋಮಿನ ಹಿಡಿತದಲ್ಲಿತ್ತು. ರೋಮಿಗೆ ಕಪ್ಪ, ಹೆರೋದನಿಗೆ ತೆರಿಗೆ, ದೇವಾಲಯಕ್ಕೆ ಕಾಣಿಕೆ. ಸಾಲ ತೀರದೆ ಹೊಲ ಹೋಗಿ, ಹೊಲದ ಒಡೆಯ ಅದೇ ಹೊಲದ ಕೂಲಿಯಾಗುವುದು ಅಲ್ಲಿ ಹೊಸತಲ್ಲ. ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ಪಾಪ ಕ್ಷಮಿಸು ಅಂತ ಬರುತ್ತದಲ್ಲ, ಮತ್ತಾಯನ ಗ್ರೀಕ್ ಪಾಠದಲ್ಲಿ ಅಲ್ಲಿರುವ ಪದದ ನೇರ ಅರ್ಥ ಸಾಲ. ಕ್ರಿ.ಶ. 66ರಲ್ಲಿ ಯೆಹೂದ್ಯರು ರೋಮಿನ ಮೇಲೆ ದಂಗೆಯೆದ್ದಾಗ ಜೆರೂಸಲೇಮಿನಲ್ಲಿ ಬಂಡುಕೋರರು ಮೊದಮೊದಲು ಮಾಡಿದ ಕೆಲಸಗಳಲ್ಲಿ ಒಂದು, ಸಾಲಪತ್ರಗಳನ್ನು ಇಟ್ಟಿದ್ದ ದಫ್ತರಖಾನೆಗೆ ಬೆಂಕಿ ಇಟ್ಟದ್ದು. ಇತಿಹಾಸಕಾರ ಜೋಸೆಫಸ್ ಇದನ್ನು ದಾಖಲಿಸಿದ್ದಾನೆ. ಲೂಕನ ಸುವಾರ್ತೆ ಬರೆದದ್ದು ಇದಾದ ಹದಿನೈದಿಪ್ಪತ್ತು ವರ್ಷಕ್ಕೆ ಅನ್ನುವುದು ಬಹುಪಾಲು ವಿದ್ವಾಂಸರ ಅಂದಾಜು. ಅಂದರೆ ಸಾಲಪತ್ರದ ಹೊಗೆ ಇನ್ನೂ ಆರದ ಕಾಲದ ಕಥೆ ಇದು. ಲೂಕ ಇನ್ನೊಂದು ಗುಟ್ಟು ಬಿಟ್ಟುಕೊಡುತ್ತಾನೆ. ಈ ಕಥೆ ಹೇಳಿದಾಗ ಎದುರಿಗೆ ಕೂತಿದ್ದವರು ದುಡ್ಡಿನ ಆಸೆಯವರು ಅನ್ನುತ್ತಾನೆ. (ಅವರು ಫರಿಸಾಯರು ಅಂತ ಅವನು ಹೇಳುವುದನ್ನು ಹಾಗೇ ನಂಬಬೇಕಾಗಿಲ್ಲ, ಎದುರು ಗುಂಪಿನವರ ಮೇಲೆ ಅವನಿಗೆ ಸಿಟ್ಟಿತ್ತು.) ನಮಗೆ ಮುಖ್ಯವಾದದ್ದು ಇಷ್ಟು: ಕಥೆ ಹೇಳಿದ್ದು ಧಣಿಗಳಿಗೆ. ಲಾಜರನಿಗೆ ಸಮಾಧಾನ ಹೇಳಲು ಇದನ್ನು ಯಾರೂ ಹೇಳಿರಲಿಲ್ಲ.

ಕಥೆಯ ಬೇರು ಇನ್ನೂ ಹಿಂದಕ್ಕಿರಬಹುದು. ಈಜಿಪ್ಟಿನಲ್ಲಿ ಸೆಟ್ನೆ ಅನ್ನುವವನ ಕಥೆಯೊಂದಿದೆ. ಕ್ರಿಸ್ತಶಕದ ಮೊದಲ ಶತಮಾನದ ಹೊತ್ತಿನ ಪಪೈರಸ್ ಹಾಳೆಯಲ್ಲಿ ಸಿಕ್ಕಿದೆ. ಸೆಟ್ನೆ ಒಂದು ದಿನ ಎರಡು ಹೆಣ ಹೋಗುವುದನ್ನು ನೋಡುತ್ತಾನೆ. ಒಂದು ಸಿರಿವಂತನದು, ಗೋಳು, ಗೌರವ, ಮೆರವಣಿಗೆ. ಇನ್ನೊಂದು ಬಡವನದು, ಚಾಪೆಯಲ್ಲಿ ಸುತ್ತಿದ್ದು, ಹಿಂದೆ ಒಬ್ಬರೂ ಇಲ್ಲ. ಸಿರಿವಂತನೇ ಪುಣ್ಯವಂತ ಅಂದುಕೊಳ್ಳುತ್ತಾನೆ ಸೆಟ್ನೆ. ಅವನ ಮಗ ಅಪ್ಪನನ್ನು ಸತ್ತವರ ಲೋಕಕ್ಕೆ ಕರೆದೊಯ್ದು ತೋರಿಸುತ್ತಾನೆ. ಅಲ್ಲಿ ಸಿರಿವಂತನ ಹೆಣದ ಬಟ್ಟೆ ಬಡವನ ಮೈಮೇಲಿದೆ. ಸಿರಿವಂತನ ಬಲಗಣ್ಣಿನಲ್ಲಿ ಆ ಲೋಕದ ಬಾಗಿಲಿನ ತಿರುಗುಣಿ ನೆಟ್ಟಿದೆ, ಬಾಗಿಲು ತೆರೆದಾಗ ಮುಚ್ಚಿದಾಗ ಅವನು ಕಿರುಚುತ್ತಾನೆ. ಲೂಕನ ಕಥೆಗೆ ಇದೇ ಮೂಲವೋ ಅಲ್ಲವೋ, ವಿದ್ವಾಂಸರು ಜಗಳಾಡಿಕೊಳ್ಳಲಿ. ಬಾಗಿಲಲ್ಲಿ ಬಿದ್ದವನನ್ನು ನೋಡದ ಕಣ್ಣಿಗೆ ಬಾಗಿಲನ್ನೇ ನೆಟ್ಟ ಆ ಹೆಸರಿಲ್ಲದ ಕಥೆಗಾರ ಮಾತ್ರ ನಮ್ಮ ಕಡೆಯವನಿರಬೇಕು.

ಮೊದಲ ಕ್ರೈಸ್ತರು ಇದ್ದದ್ದನ್ನೆಲ್ಲ ಒಟ್ಟು ಹಾಕಿ, ಬೇಕಾದವರಿಗೆ ಬೇಕಾದಷ್ಟು ಹಂಚಿಕೊಂಡರು ಅಂತ ಅಪೊಸ್ತಲರ ಕೃತ್ಯಗಳು ಹೇಳುತ್ತದೆ. ಅದು ಎಷ್ಟು ದಿನ ನಡೆಯಿತೋ. ಕ್ರಿ.ಶ. 50ರ ದಶಕದಲ್ಲಿ ಪೌಲ ಕೊರಿಂಥದವರಿಗೆ ಬರೆದ ಕಾಗದದಲ್ಲೇ ಜಗಳ ಶುರುವಾಗಿದೆ. ಸಹಪಂಕ್ತಿ ಊಟಕ್ಕೆ ಸೇರಿದಾಗ ಉಳ್ಳವರು ಮೊದಲೇ ಬಂದು ಉಂಡು ಕುಡಿದು ಅಮಲೇರಿಸಿಕೊಳ್ಳುತ್ತಾರೆ, ದುಡಿದು ತಡವಾಗಿ ಬರುವವರಿಗೆ ಹಸಿವೇ ಗತಿ. ಪೌಲ ಅವರನ್ನು ಬೈಯುತ್ತಾನೆ. ಯಾಕೋಬನ ಹೆಸರಿನ ಪತ್ರದಲ್ಲಿ ಇನ್ನೂ ನೇರ: ಚಿನ್ನದುಂಗುರದವನು ಬಂದರೆ ಮೇಲಿನ ಜಾಗ ಕೊಡುತ್ತೀರಿ, ಕೊಳಕು ಬಟ್ಟೆಯವನಿಗೆ ಕಾಲ ಬುಡ ತೋರಿಸುತ್ತೀರಿ, ಕೊಯ್ಲು ಮಾಡಿದವರ ಕೂಲಿ ಹಿಡಿದಿಟ್ಟುಕೊಂಡಿದ್ದೀರಲ್ಲ, ಆ ಕೂಲಿಯೇ ಕೂಗುತ್ತಿದೆ ಅಂತ. ಪಂಕ್ತಿಭೇದ ಯಾವ ನಾಡಿಗೂ ಹೊಸದಲ್ಲ ಅಂತಾಯಿತು.

ಕ್ರಿ.ಶ. 200ರ ಹೊತ್ತಿಗೆ ಉಳ್ಳವರೂ ಸಭೆಯೊಳಗೆ ಬಂದು ಕೂತಿದ್ದರು. ಅಲೆಕ್ಸಾಂಡ್ರಿಯದ ಕ್ಲೆಮೆಂಟ್ ಪಾರಾಗುವ ಸಿರಿವಂತ ಯಾರು ಅನ್ನುವ ವಿಷಯಕ್ಕೇ ಒಂದು ಗ್ರಂಥ ಬರೆದ. ಇರುವುದನ್ನೆಲ್ಲ ಮಾರಿ ಹಂಚು ಅಂತ ಯೇಸು ಅಂದದ್ದು ಮನಸ್ಸಿನ ಮೋಹವನ್ನು ಬಿಡು ಅನ್ನುವ ಅರ್ಥದಲ್ಲಿ, ಆಸ್ತಿ ಇಟ್ಟುಕೊಂಡೂ ಬಿಡಬಹುದು ಅನ್ನುವುದು ಅವನ ವಾದದ ತಿರುಳು. ಎಷ್ಟು ಅನುಕೂಲ ನೋಡಿ! ಆಮೇಲಿನವರು ಇನ್ನೂ ಮುಂದೆ ಹೋದರು. ಸೂಜಿಕಣ್ಣಿನಲ್ಲಿ ಒಂಟೆ ನುಗ್ಗಿದರೂ ಸಿರಿವಂತ ಸ್ವರ್ಗಕ್ಕೆ ನುಗ್ಗಲಾರ ಅನ್ನುವ ಮಾತಿಗೆ, ಸೂಜಿಕಣ್ಣು ಅಂದರೆ ಜೆರೂಸಲೇಮಿನ ಗೋಡೆಯಲ್ಲಿದ್ದ ಒಂದು ಕಿರುಬಾಗಿಲು, ಒಂಟೆ ಮಂಡಿಯೂರಿದರೆ ದಾಟಬಹುದಿತ್ತು ಅಂತ ಕಥೆ ಕಟ್ಟಿದರು. ಅಂಥ ಬಾಗಿಲು ಇತ್ತು ಅನ್ನುವುದಕ್ಕೆ ಯಾವ ಪುರಾವೆಯೂ ಇಲ್ಲ. ಧಣಿ ಬಗ್ಗಿದರೆ ಸಾಕು ಅಂತ ಬಾಗಿಲು ಕೊರೆದುಕೊಟ್ಟವರು ವ್ಯಾಖ್ಯಾನಕಾರರು.

ಹಾಗಂತ ಎಲ್ಲರೂ ಬಾಗಿಲು ಕೊರೆಯಲಿಲ್ಲ. ಈಗಿನ ಟರ್ಕಿಯ ಕಪ್ಪದೋಕ್ಯದಲ್ಲಿ 368-369ರಲ್ಲಿ ಬರ ಬಿತ್ತು. ಮಳೆಯಿಲ್ಲ, ಕಾಳಿನ ಬೆಲೆ ಏರಿತು, ಕಣಜದವರು ಇನ್ನೂ ಏರಲಿ ಅಂತ ಕಾದರು. ಕೈಸರೇಯದ ಬೆಸಿಲ್ ಆಗ ಮಾಡಿದ ಉಪದೇಶದಲ್ಲಿ ಒಬ್ಬ ಅಪ್ಪನ ಚಿತ್ರ ಇದೆ. ಮನೆಯಲ್ಲಿ ಏನೂ ಉಳಿದಿಲ್ಲ, ಮಕ್ಕಳಲ್ಲಿ ಒಂದನ್ನು ಸಂತೆಯಲ್ಲಿ ಮಾರಬೇಕು. ಯಾವುದನ್ನು? ದೊಡ್ಡವನನ್ನೋ, ಚಿಕ್ಕವನನ್ನೋ, ಈ ಕಡೆ ನನ್ನ ಹೋಲುವವನನ್ನೋ? ಕೊನೆಗೆ ಕಣ್ಣೀರು ಸುರಿಸುತ್ತ ಒಂದು ಮಗುವನ್ನು ಕೈಹಿಡಿದು ತರುತ್ತಾನೆ. ಕೊಳ್ಳುವವನು ಅಲ್ಲೂ ಚೌಕಾಸಿ ಮಾಡುತ್ತಾನೆ. ನಾವು ಬರದ ಬಗ್ಗೆ ಓದಿರುವುದರಲ್ಲಿ ಇಷ್ಟು ಸುಟ್ಟದ್ದು ಕಡಿಮೆ. ನಿನ್ನ ಪೆಟ್ಟಿಗೆಯಲ್ಲಿ ಹುಳ ಹಿಡಿಯುತ್ತಿರುವ ಬಟ್ಟೆ ಬೆತ್ತಲೆಯವನದು, ನಿನ್ನ ಕಣಜದ ರೊಟ್ಟಿ ಹಸಿದವನದು ಅನ್ನುವುದು ಬೆಸಿಲನ ವಾದ. ಅವನು ಬರೀ ಮಾತಾಡಲಿಲ್ಲ. ಕಣಜದವರ ಬಾಗಿಲು ತೆರೆಸಿದ, ಗಂಜಿ ಹಂಚಿಸಿದ, ಆಮೇಲೆ ಊರ ಹೊರಗೆ ಕುಷ್ಠರೋಗಿಗಳಿಗೂ ಜಾಗವಿರುವ ದೊಡ್ಡ ಆರೈಕೆಮನೆ ಕಟ್ಟಿಸಿದ. ಅವನ ತಮ್ಮ ನಿಸ್ಸದ ಗ್ರೆಗರಿ ಗುಲಾಮಗಿರಿಯನ್ನೇ ಎದುರಿಸಿ ಮಾತಾಡಿದ. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ.

ಇವರ ಸಾಲಿನಲ್ಲೇ ಬಂದವನು ಅಂತಿಯೋಕ್ಯದ ಯೋಹಾನ. ಮಾತಿನ ಸೊಗಸಿಗೆ ಜನ ಅವನನ್ನು ಕ್ರಿಸೊಸ್ತೊಮ್, ಬಂಗಾರದ ಬಾಯಿಯವನು ಅಂತ ಕರೆದರು. 386ರಲ್ಲಿ ಪಾದ್ರಿಯಾದ. ಅದಾದ ಎರಡು ಮೂರು ವರ್ಷದಲ್ಲಿ ಲಾಜರನ ಕಥೆಯೊಂದನ್ನೇ ಹಿಡಿದು ಸಾಲು ಉಪದೇಶ ಮಾಡಿದ, ಏಳು ಉಳಿದುಬಂದಿವೆ. ಅಂತಿಯೋಕ್ಯ ದೊಡ್ಡ ವ್ಯಾಪಾರದ ಪಟ್ಟಣ. ಊರಲ್ಲಿ ಹತ್ತರಲ್ಲೊಂದು ಪಾಲು ಸಿರಿವಂತರು, ಹತ್ತರಲ್ಲೊಂದು ಪಾಲು ಏನೂ ಇಲ್ಲದವರು, ಮಿಕ್ಕವರು ನಡುವಿನವರು ಅಂತ ಅವನೇ ಲೆಕ್ಕ ಹಾಕಿದ್ದಾನೆ. ಇಷ್ಟು ಜನ ಇಷ್ಟು ಜನರನ್ನು ಸಾಕಲು ಆಗದೇ ಅನ್ನುವುದು ಅವನ ಪ್ರಶ್ನೆ. ಲೆಕ್ಕ ಹಾಕಿ ಕೇಳುವ ಪಾದ್ರಿಯನ್ನು ಉಳ್ಳವರು ಹೇಗೆ ಸಹಿಸಿಯಾರು!

ಅವನು ಹೇಳಿದ್ದನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಹೀಗೆ. ಧಣಿ ಲಾಜರನಿಗೆ ಹೊಡೆಯಲಿಲ್ಲ, ಬೈಯಲಿಲ್ಲ, ಅವನ ಗಂಟು ಕದಿಯಲಿಲ್ಲ. ಮತ್ತೆ ಯಾಕೆ ಶಿಕ್ಷೆ? ತನ್ನದನ್ನು ಕೊಡದೆ ಇದ್ದದ್ದೇ ಕಳವು. ದಾರಿಗಳ್ಳರು ಕದ್ದ ಮಾಲನ್ನು ಗವಿಯಲ್ಲಿ ಅಡಗಿಸುತ್ತಾರೆ, ಸಿರಿವಂತರು ಬೇರೆಯವರದನ್ನು ತಮ್ಮ ಮನೆಯಲ್ಲಿ ಅಡಗಿಸುತ್ತಾರೆ. ಈ ಲೋಕ ಒಂದು ನಾಟಕದ ರಂಗ. ಒಬ್ಬ ರಾಜನ ಮುಖವಾಡ ಹಾಕಿದ್ದಾನೆ, ಒಬ್ಬ ಭಿಕ್ಷುಕನದು. ಸಂಜೆಯಾಗಿ ಮುಖವಾಡ ಕಳಚಿದಾಗ ಯಾರು ನಿಜವಾಗಿ ಬಡವ ಅನ್ನುವುದು ಗೊತ್ತಾಗುತ್ತದೆ. ಬಂದರು ಮುಳುಗಿದ ಹಡಗಿನವನನ್ನು ನೀನು ಒಳ್ಳೆಯವನೋ ಕೆಟ್ಟವನೋ ಅಂತ ಕೇಳಿ ಸೇರಿಸಿಕೊಳ್ಳುವುದಿಲ್ಲ, ಹಾಗೇ ಬೇಡಲು ಬಂದವನ ನಡತೆ ವಿಚಾರಿಸಬೇಡ. ಪಡಿತರ ಚೀಟಿ ಕೊಡಲು ಹತ್ತು ಸಲ ತಿರುಗಿಸುವವರು ಈ ಕೊನೇ ಮಾತನ್ನು ಕೇಳಬೇಕು.

398ರಲ್ಲಿ ಅವನನ್ನು ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ಗೆ ಬಿಷಪ್ ಮಾಡಿ ಕರೆದೊಯ್ದರು. ಅಲ್ಲೂ ಬಾಯಿ ಸುಮ್ಮನಿರಲಿಲ್ಲ. ಜನ ಹಸಿದು ಸಾಯುವಾಗ ಬೆಳ್ಳಿಯ ಗಡಿಗೆಯಲ್ಲಿ ಮಲವಿಸರ್ಜನೆ ಮಾಡುವ ಸಿರಿವಂತ ಹೆಂಗಸರನ್ನು ತುಂಬಿದ ಸಭೆಯಲ್ಲಿ ಎತ್ತಿ ಆಡಿದ. ರಾಣಿ ಯುಡೋಕ್ಸಿಯಾಳಿಗೆ ಅವನು ಆಗಿಬರಲಿಲ್ಲ. 403ರಲ್ಲೊಮ್ಮೆ, 404ರಲ್ಲಿ ಮತ್ತೊಮ್ಮೆ ಗಡೀಪಾರು. 407ರಲ್ಲಿ ಕಾವಲಿನವರು ಬಿಸಿಲು ಮಳೆ ಎನ್ನದೆ ನಡೆಸಿಕೊಂಡು ಹೋಗುವಾಗ ದಾರಿಯಲ್ಲೇ ಸತ್ತ.

ಇವನನ್ನು ನಮ್ಮವನು ಅಂತ ಅಪ್ಪಿಕೊಳ್ಳುವ ಆಸೆ ನಮಗೂ ಆಯಿತು. ಎರಡು ಕಾರಣಕ್ಕೆ ಕೈ ಹಿಂದಕ್ಕೆ ತೆಗೆದೆವು. ಇದೇ ಬಂಗಾರದ ಬಾಯಿ 386-387ರಲ್ಲಿ ಅಂತಿಯೋಕ್ಯದ ಯೆಹೂದ್ಯರ ಮೇಲೆ ಕಾರಿದ ವಿಷ ಮುಂದೆ ಶತಮಾನಗಳ ಕಾಲ ಯೆಹೂದ್ಯರನ್ನು ದ್ವೇಷಿಸುವವರ ಬಾಯಲ್ಲಿ ಉಳಿಯಿತು. ಇನ್ನೊಂದು ಲಾಜರನ ವಿಷಯಕ್ಕೇ ಸೇರಿದ್ದು. ಧಣಿಗೆ ಅಷ್ಟು ಬೈದ ಯೋಹಾನ, ಲಾಜರನನ್ನು ಹೊಗಳುವುದು ಯಾತಕ್ಕೆ? ಇಷ್ಟು ಕಷ್ಟದಲ್ಲೂ ಗೊಣಗಲಿಲ್ಲ, ದೇವರನ್ನು ಬೈಯಲಿಲ್ಲ, ಧಣಿಯನ್ನು ಶಪಿಸಲಿಲ್ಲ, ತಾಳಿಕೊಂಡ ಅಂತ. ಬಡವರೇ, ಇವನನ್ನು ನೋಡಿ ಕಲಿಯಿರಿ ಅಂತ. ಕಥೆಯಲ್ಲಿ ಲಾಜರ ಮಾತಾಡದೆ ಇದ್ದದ್ದನ್ನು ಅವನು ಗುಣ ಮಾಡಿಬಿಟ್ಟ. ಧಣಿಗೆ ಹೇಳಿದ್ದ ಕಥೆ ಅಲ್ಲಿ ಮೆಲ್ಲಗೆ ತಿರುಗಿ ನಮ್ಮ ಕಡೆ ಮುಖ ಮಾಡಿತು. ತಾಳಿದವನು ಬಾಳಿಯಾನು ಅಂತ ನಮ್ಮ ಕೇರಿಗೂ ಬಂದು ಹೇಳುವವರಿದ್ದಾರೆ, ಹೇಳುವವರ ಹೊಟ್ಟೆ ಮಾತ್ರ ಯಾವತ್ತೂ ತುಂಬಿರುತ್ತದೆ.

ಆಮೇಲಿನ ಸಾವಿರ ವರ್ಷವನ್ನು ಬೇಗ ದಾಟೋಣ. ಯೂರೋಪಿನಲ್ಲಿ ಕುಷ್ಠರೋಗಿಗೆ ಲಾಜರ ಅನ್ನುವುದೇ ಹೆಸರಾಯಿತು, ಊರಾಚೆ ಲಾಜರರ ಮನೆಗಳು ಎದ್ದವು. ಸಿರಿವಂತರು ಆತ್ಮಕ್ಕೆ ಒಳಿತಾಗಲಿ ಅಂತ ದಾನ ಬರೆದರು. ಸ್ವರ್ಗ ನರಕಗಳ ನಡುವೆ ಶುದ್ಧೀಕರಣದ ಸ್ಥಳ ಅನ್ನುವುದು ಗಟ್ಟಿಯಾಯಿತು. ಅಲ್ಲಿಯ ವಾಸ ಕಡಿಮೆ ಮಾಡಿಸಲು ಪತ್ರ ಮಾರುವ ದಂಧೆ ಬೆಳೆಯಿತು. ಕಂದಕಕ್ಕೆ ಸೇತುವೆ, ಸೇತುವೆಗೆ ಸುಂಕ. 1517ರಲ್ಲಿ ಜರ್ಮನಿಯಲ್ಲಿ ಟೆಟ್ಜೆಲ್ ಇಂಥ ಪತ್ರ ಮಾರುತ್ತಿದ್ದಾಗ ಬಂದ ಹಣದಲ್ಲಿ ಅರ್ಧ ರೋಮಿನ ಸಂತ ಪೇತ್ರನ ಗುಡಿ ಕಟ್ಟಲು, ಇನ್ನರ್ಧ ಫುಗ್ಗರ್ ಅನ್ನುವ ಲೇವಾದೇವಿ ಮನೆತನದ ಸಾಲಕ್ಕೆ ಜಮೆ. ಸಾಲ ಮಾಡಿದ್ದವನು ಮೈಂಜ್‌ನ ಆರ್ಚ್‌ಬಿಷಪ್ ಆಲ್ಬ್ರೆಕ್ಟ್; ಆ ಪದವಿಗಾಗಿ ರೋಮಿಗೆ ಹಣ ತೆರಲು ಮಾಡಿದ ಸಾಲ ಅದು. ಲೂಥರ್ ಸಿಡಿದೆದ್ದ. ಬಡವನಿಗೆ ಕೊಡುವುದು ಪತ್ರ ಕೊಳ್ಳುವುದಕ್ಕಿಂತ ಮೇಲು ಅಂತ ಅವನ 95 ಅಂಶಗಳಲ್ಲೇ ಇದೆ.

ಆ ಮಾತನ್ನು ರೈತರು ನಿಜ ಅಂತ ನಂಬಿದರು. 1525ರ ಮಾರ್ಚಿನಲ್ಲಿ ಮೆಮ್ಮಿಂಗೆನ್ ಊರಲ್ಲಿ ಹನ್ನೆರಡು ಬೇಡಿಕೆ ಬರೆದು ಅಚ್ಚು ಹಾಕಿಸಿದರು. ಅದನ್ನು ಬರೆದವರಲ್ಲಿ ಒಬ್ಬ ಸೆಬಾಸ್ಟಿಯನ್ ಲೊಟ್ಜರ್, ತುಪ್ಪಳದ ಚರ್ಮದ ಕಸುಬಿನವನು. ಕ್ರಿಸ್ತ ಕುರಿಕಾಯುವವನನ್ನೂ ದೊರೆಯನ್ನೂ ಒಂದೇ ರಕ್ತ ಕೊಟ್ಟು ಬಿಡಿಸಿದ್ದಾನೆ, ಆದ್ದರಿಂದ ನಾವು ಯಾರ ಜೀತದಾಳೂ ಅಲ್ಲ ಅನ್ನುವುದು ಒಂದು ಬೇಡಿಕೆ. ಕಾಡಿನ ಸೌದೆ, ಹೊಳೆಯ ಮೀನು, ಊರೊಟ್ಟಿನ ಹುಲ್ಲುಗಾವಲು ವಾಪಸು ಕೊಡಿ ಅನ್ನುವುದು ಮತ್ತೆ ಕೆಲವು. ಹನ್ನೊಂದನೆಯದು ಸಾವಿನ ತೆರಿಗೆ. ಒಕ್ಕಲು ಸತ್ತರೆ ಧಣಿ ಬಂದು ಅವನ ಕೊಟ್ಟಿಗೆಯ ಒಳ್ಳೇ ದನವನ್ನೋ ಒಳ್ಳೇ ಬಟ್ಟೆಯನ್ನೋ ವಿಧವೆಯ ಕೈಯಿಂದ ಎಳೆದೊಯ್ಯುವ ಹಕ್ಕು. ಸತ್ತ ಮೇಲೆ ಬಡವನಿಗೆ ಸ್ವರ್ಗ ಅಂದರಲ್ಲ, ಅವನ ಹೆಂಡತಿ ಮಕ್ಕಳಿಗೆ ಸಿಕ್ಕಿದ್ದು ಇದು. ಇಲ್ಲಿ ಲಾಜರ ಮೊದಲ ಸಲ ಬಾಯಿಬಿಟ್ಟ ಅಂತ ನಾವು ಓದಿಕೊಳ್ಳುತ್ತೇವೆ. ಲೂಥರ್ ಏನು ಮಾಡಿದ? ಧಣಿಗಳಿಗೂ ಬೈದ, ಆದರೆ ದಂಗೆ ಹಬ್ಬಿದ ಮೇಲೆ ಹುಚ್ಚುನಾಯಿ ಹೊಡೆದ ಹಾಗೆ ರೈತರನ್ನು ಹೊಡೆದುಹಾಕಿ ಅಂತ ದೊರೆಗಳಿಗೆ ಬರೆದ. ಮೇ 15ರಂದು ಫ್ರಾಂಕೆನ್‌ಹೌಸೆನ್‌ನಲ್ಲಿ ಥಾಮಸ್ ಮುಂಟ್ಜರನ ರೈತಪಡೆ ಮಣ್ಣುಪಾಲಾಯಿತು, ಹನ್ನೆರಡು ದಿನದ ಮೇಲೆ ಅವನ ತಲೆ ಹೋಯಿತು. ಆ ಒಂದು ದಂಗೆಯಲ್ಲಿ ಸತ್ತವರು 70,000ದಿಂದ 1,00,000 ಅನ್ನುತ್ತಾರೆ.

ವಸಾಹತುಗಳ ಕಾಲಕ್ಕೆ ಬಂದರೆ ಪುಸ್ತಕಕ್ಕೇ ಕತ್ತರಿ. 1807ರಲ್ಲಿ ಲಂಡನ್ನಿನಲ್ಲಿ ವೆಸ್ಟ್ ಇಂಡೀಸಿನ ಗುಲಾಮರಿಗೆಂದೇ ಆಯ್ದ ಬೈಬಲ್ ಅಚ್ಚಾಯಿತು. ಗುಲಾಮರು ಫರೋಹನಿಂದ ಬಿಡಿಸಿಕೊಂಡು ಹೊರಟುಹೋಗುವ ಭಾಗ ಅದರಲ್ಲಿಲ್ಲ. ಧಣಿಯ ಮಾತು ಕೇಳು ಅನ್ನುವ ಭಾಗ ಇದೆ. 1848ರಲ್ಲಿ, ಐರ್ಲೆಂಡಿನ ಜನ ಆಲೂಗಡ್ಡೆ ಬರಕ್ಕೆ ಲಕ್ಷಗಟ್ಟಲೆ ಸಾಯುತ್ತಿದ್ದಾಗ, ಅದೇ ಐರ್ಲೆಂಡಿನ ಕವಯಿತ್ರಿಯೊಬ್ಬಳು ಮಕ್ಕಳಿಗಾಗಿ ಬರೆದ ಸ್ತುತಿಗೀತೆಯಲ್ಲಿ, ಕೋಟೆಯೊಳಗಿನ ಸಿರಿವಂತನನ್ನೂ ಅವನ ಬಾಗಿಲ ಬಳಿಯ ಬಡವನನ್ನೂ ಅವರವರ ಜಾಗದಲ್ಲಿ ಇಟ್ಟವನು ದೇವರೇ ಅನ್ನುವ ಸೊಲ್ಲು ಬಂತು. ಅದೇ ಬಾಗಿಲು! ಲೂಕನ ಕಥೆಯಲ್ಲಿ ಧಣಿಯನ್ನು ನರಕಕ್ಕೆ ಕಳಿಸಿದ ಬಾಗಿಲು ಇಲ್ಲಿ ದೇವರ ವ್ಯವಸ್ಥೆಯಾಗಿದೆ. ಈಚಿನ ಹಾಡಿನ ಪುಸ್ತಕಗಳು ನಾಚಿಕೆಗೆ ಆ ಸೊಲ್ಲನ್ನು ಕೈಬಿಟ್ಟಿವೆ. ಪುರುಷಸೂಕ್ತ ಕೇಳಿ ಬೆಳೆದ ನಾಡಿನವರಿಗೆ ಇದೇನು ಬೆರಗಲ್ಲ.

ಇನ್ನು ಮೆಂಫಿಸ್. ಅಮೆರಿಕದ ದಕ್ಷಿಣದ ಊರು. ಅಲ್ಲಿ ಕಸ ಎತ್ತುವವರೆಲ್ಲ ಹೆಚ್ಚುಕಡಿಮೆ ಕಪ್ಪು ಜನ. ತೂತು ಬಿದ್ದ ತೊಟ್ಟಿಗಳಲ್ಲಿ ಕಸ ಹೊತ್ತು, ಕೊಳಚೆ ತಲೆಮೇಲೆ ಸೋರಿಸಿಕೊಂಡು ನಡೆಯುತ್ತಿದ್ದರು. 1968ರ ಫೆಬ್ರವರಿ 1ರಂದು ಮಳೆ ಸುರಿಯುತ್ತಿತ್ತು. ಎಕೋಲ್ ಕೋಲ್, ರಾಬರ್ಟ್ ವಾಕರ್ ಅನ್ನುವ ಇಬ್ಬರು ಕಸದ ಲಾರಿಯ ಹಿಂದೆ, ಕಸ ತುಂಬುವ ಜಾಗದಲ್ಲೇ ಮಳೆಗೆ ಮರೆಯಾಗಿ ನಿಂತರು. ಕಸ ಅದುಮುವ ಯಂತ್ರ ತಾನಾಗಿ ಚಾಲೂ ಆಗಿ ಇಬ್ಬರನ್ನೂ ಎಳೆದುಕೊಂಡಿತು. ಫೆಬ್ರವರಿ 12ಕ್ಕೆ ಸುಮಾರು 1,300 ಜನ ಕೆಲಸ ನಿಲ್ಲಿಸಿದರು. ನಾನೂ ಒಬ್ಬ ಮನುಷ್ಯ ಅಂತ ಬರೆದ ಹಲಗೆ ಕೊರಳಿಗೆ ಹಾಕಿಕೊಂಡು ಬೀದಿಗಿಳಿದರು. ಮಾರ್ಚ್ 18ರಂದು ಮಾರ್ಟಿನ್ ಲೂಥರ್ ಕಿಂಗ್ ಅಲ್ಲಿಗೆ ಬಂದರು. ಆ ರಾತ್ರಿ ಕಸ ಎತ್ತುವವರ ತುಂಬಿದ ಸಭೆಯಲ್ಲಿ ಅವರು ಎತ್ತಿಕೊಂಡ ಕಥೆಗಳಲ್ಲಿ ಇದೂ ಒಂದು. ಧಣಿ ನರಕಕ್ಕೆ ಹೋದದ್ದು ಸಿರಿವಂತನೆಂಬ ಕಾರಣಕ್ಕಲ್ಲ, ಅಬ್ರಹಾಮನೂ ಸಿರಿವಂತನೇ. ದಿನಾ ಲಾಜರನ ಪಕ್ಕದಲ್ಲೇ ಹಾದುಹೋದರೂ ಅವನನ್ನು ನೋಡಲಿಲ್ಲ ಅನ್ನುವ ಕಾರಣಕ್ಕೆ. ಬಡವರನ್ನು ನೋಡದಿದ್ದರೆ ಅಮೆರಿಕವೂ ನರಕಕ್ಕೆ ಹೋಗುತ್ತದೆ ಅಂದರು. ಏಪ್ರಿಲ್ 4ರಂದು ಅದೇ ಊರಲ್ಲಿ ಅವರಿಗೆ ಗುಂಡು ಬಿತ್ತು. ಏಪ್ರಿಲ್ 16ಕ್ಕೆ ನಗರಾಡಳಿತ ಸಂಘವನ್ನು ಒಪ್ಪಿ ಕೂಲಿ ಏರಿಸಿತು.

ಕಿಂಗ್ ಅವರಂಥವರ ಮಾತಿಗೆ ಎದುರಾಡುವಷ್ಟು ದೊಡ್ಡವರು ನಾವಲ್ಲ. ಆದರೂ ಒಂದು ಮಾತು ಹೇಳಬೇಕು. ಧಣಿ ಲಾಜರನನ್ನು ನೋಡಿರಲಿಲ್ಲ ಅನ್ನುವುದನ್ನು ನಮ್ಮ ಅನುಭವ ಒಪ್ಪುವುದಿಲ್ಲ. ನರಕದಿಂದ ತಲೆಯೆತ್ತಿದ ಕೂಡಲೇ ಅವನಿಗೆ ಗುರುತು ಸಿಕ್ಕಿತಲ್ಲ, ಹೆಸರು ಹಿಡಿದೇ ಕೂಗಿದನಲ್ಲ! ನಮ್ಮೂರಲ್ಲೂ ಹಾಗೇ. ನಮ್ಮ ಹಟ್ಟಿಯ ಒಂದೊಂದು ಮಗುವಿನ ಹೆಸರೂ ಮೇಲುಗೇರಿಯವರಿಗೆ ಗೊತ್ತು. ಯಾರ ಮನೆಯಲ್ಲಿ ಒಲೆ ಹತ್ತಿಲ್ಲ ಅನ್ನುವುದೂ ಗೊತ್ತು. ಗೊತ್ತಿರುವುದಕ್ಕೇ ಸುಗ್ಗಿಯಲ್ಲಿ ಕರೆಸಿಕೊಳ್ಳುವುದು, ಸತ್ತ ದನ ಎಳೆಯಲು ಹೇಳಿಕಳಿಸುವುದು. ಕಂಡೇ ಬಾಗಿಲು ಹಾಕಿಕೊಳ್ಳುತ್ತಾರೆ. ಬಸವಲಿಂಗಪ್ಪನವರು 70ರ ದಶಕದಲ್ಲಿ ಮಂತ್ರಿಯಾಗಿ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸುವವರೆಗೆ ಈ ನಾಡಿನಲ್ಲಿ ಅದನ್ನು ಕಾಣದಿದ್ದವರು ಯಾರು?

ಮೆಂಫಿಸ್ ನಡೆದ ವರ್ಷವೇ ಕೊಲಂಬಿಯದ ಮೆಡೆಲಿನ್‌ನಲ್ಲಿ ಲ್ಯಾಟಿನ್ ಅಮೆರಿಕದ ಬಿಷಪ್ಪರು ಸೇರಿ ಬಡತನಕ್ಕೆ ಕಾರಣ ಅನ್ಯಾಯದ ವ್ಯವಸ್ಥೆ ಅಂತ ಬರೆದರು. 1971ರಲ್ಲಿ ಪೆರುವಿನ ಗುಸ್ತಾವೊ ಗುಟಿಯೆರೆಜ್ ವಿಮೋಚನೆಯ ದೇವತಾಶಾಸ್ತ್ರದ ಪುಸ್ತಕ ತಂದರು. 1980ರ ಮಾರ್ಚ್ 24ರಂದು ಎಲ್ ಸಾಲ್ವಡೊರಿನ ಆರ್ಚ್‌ಬಿಷಪ್ ರೊಮೆರೊ, ಜನರನ್ನು ಕೊಲ್ಲಬೇಡಿ ಅಂತ ಸೈನಿಕರಿಗೆ ಕರೆಕೊಟ್ಟ ಮರುದಿನ, ಪೂಜೆ ಮಾಡುತ್ತಿದ್ದಾಗಲೇ ಗುಂಡಿಗೆ ಬಲಿಯಾದರು. ರೋಮ್ ಅವರನ್ನು ಸಂತ ಅಂತ ಘೋಷಿಸಿದ್ದು 2018ರಲ್ಲಿ. ಸತ್ತ ಮೇಲೆ ಕಿರೀಟ ಬೇಗ ಸಿಗಲಿಲ್ಲ ಅವರಿಗೂ.

ನಮ್ಮ ನಾಡಿನ ಲೆಕ್ಕಕ್ಕೆ ಬರೋಣ. ಇಲ್ಲಿ ಯೇಸುವಿನ ಹಿಂದೆ ಹೋದವರಲ್ಲಿ ಬಹಳ ಮಂದಿ ನಮ್ಮ ಕೇರಿಗಳವರೇ. ಅಂಬೇಡ್ಕರ್ ಇದನ್ನು ಕುರಿತು ಬರೆದಿಟ್ಟು, ಅವರ ಕಾಲಾನಂತರ ಅಚ್ಚಾದ ಲೇಖನಗಳಲ್ಲಿ ಕೇಳುವ ಪ್ರಶ್ನೆ ಚೂಪಾದದ್ದು. ನಿನ್ನ ಈ ಗತಿಗೆ ನಿನ್ನ ಪಾಪವೇ ಕಾರಣ ಅಂತ ಕಲಿಸಿದರೆ ಅವನು ಈ ಗತಿ ತಂದಿಟ್ಟ ಸಮಾಜದ ಮೇಲೆ ಹೇಗೆ ಎದ್ದಾನು? ಮತಾಂತರವಾದರೂ ಜಾತಿ ಹೋಗಲಿಲ್ಲ ಅಂತ ಅವರು ಲೆಕ್ಕ ಕೊಟ್ಟು ಹೇಳುತ್ತಾರೆ. ಸರ್ಕಾರದ್ದು ಇನ್ನೊಂದು ಲೆಕ್ಕ. 1950ರ ರಾಷ್ಟ್ರಪತಿಗಳ ಆದೇಶ ಹಿಂದೂಗಳಲ್ಲದವರನ್ನು ಪರಿಶಿಷ್ಟ ಜಾತಿಯ ಪಟ್ಟಿಯಿಂದ ಹೊರಗಿಟ್ಟಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿಕೊಂಡರು. ಆ ಷರತ್ತನ್ನೇ ತೆಗೆದುಹಾಕಿ ಅಂತ ರಂಗನಾಥ ಮಿಶ್ರ ಆಯೋಗ 2007ರಲ್ಲಿ ಹೇಳಿತು, ಆಗಲಿಲ್ಲ. 2022ರಲ್ಲಿ ಬಾಲಕೃಷ್ಣನ್ ಆಯೋಗ ಅಂತ ಇನ್ನೊಂದು ನೇಮಿಸಿದರು. ಬಾಗಿಲಲ್ಲಿ ಬಿದ್ದವನು ದೇವರನ್ನು ಬದಲಾಯಿಸಿದರೆ ಹುಣ್ಣು ಮಾಯುತ್ತದೆ ಅಂತ ಕಾನೂನು ನಂಬಿದೆ.

1981ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಶೂದ್ರ ದೇವತಾಶಾಸ್ತ್ರದ ಕಡೆಗೆ ಅನ್ನುವ ಭಾಷಣ ಮಾಡಿದರು. ಭಾರತದ ಕ್ರೈಸ್ತ ಚಿಂತನೆಯೆಲ್ಲ ಬ್ರಾಹ್ಮಣರ ವೇದಾಂತದ ಜೊತೆ ಕೂತು ಮಾತಾಡಿದೆ, ಚರ್ಚಿನೊಳಗೆ ತುಂಬಿರುವ ಹೊಲೆಮಾದಿಗರ ಜೊತೆ ಕೂತಿಲ್ಲ ಅನ್ನುವುದು ಅವರ ದೂರು. ದಲಿತ ದೇವತಾಶಾಸ್ತ್ರ ಅಂತ ಮುಂದೆ ಹೆಸರಾದದ್ದಕ್ಕೆ ಅಲ್ಲಿಂದ ಮೊದಲು. ಇದೇ ಊರಲ್ಲಿ, ಬಂಡಾಯ ಸಂಘಟನೆ ಹುಟ್ಟಿ ಎರಡು ವರ್ಷಕ್ಕೆ ಇದು ನಡೆದಿದೆ. ನಮ್ಮವರು ಅವರನ್ನು ಕೇಳಲಿಲ್ಲ, ಅವರು ನಮ್ಮವರನ್ನು ಓದಿದರೋ ಏನೋ.

ಕಥೆಯಲ್ಲಿ ಒಂದು ಪದವನ್ನು ನಾವು ಎಷ್ಟೋ ಸಲ ಓದಿದ ಮೇಲೆ ಗಮನಿಸಿದೆವು. ಧಣಿಯೂ ಸತ್ತ, ಅವನನ್ನು ಹೂಣಿಟ್ಟರು ಅಂತ ಲೂಕ ಬರೆಯುತ್ತಾನೆ. ಲಾಜರ ಸತ್ತ ಅಂತ ಇದೆ, ಹೂಣಿಟ್ಟರು ಅಂತ ಇಲ್ಲ. ಹೆಣ ಏನಾಯಿತು? ಆ ನಾಯಿಗಳು ಇನ್ನೂ ಅಲ್ಲೇ ಇದ್ದವಲ್ಲ. ತಮಿಳುನಾಡಿನ ತಿರುಚಿರಾಪಳ್ಳಿಯ ಮೇಲಪುದೂರಿನಲ್ಲಿ ಕ್ರೈಸ್ತರದೊಂದು ಸ್ಮಶಾನ ಇದೆ. ಅದರೊಳಗೆ ದಲಿತ ಕ್ರೈಸ್ತರ ಗೋರಿಗಳು ಒಂದು ಕಡೆ, ಮಿಕ್ಕವರ ಗೋರಿಗಳು ಇನ್ನೊಂದು ಕಡೆ ಇರಲಿ ಅಂತ ನಡುವೆ ಗೋಡೆ ಎಬ್ಬಿಸಿದರು. ಎರಡೂ ಕಡೆ ನೆಟ್ಟಿರುವುದು ಒಂದೇ ಶಿಲುಬೆ. ಆ ಗೋಡೆ ಒಡೆಯಿರಿ ಅಂತ ಅಲ್ಲಿಯ ದಲಿತ ಕ್ರೈಸ್ತರು ವರ್ಷಗಟ್ಟಲೆ ಹೋರಾಡಿದ್ದಾರೆ. ಲಾಜರರು ಅಲ್ಲಿ ಸುಮ್ಮನೆ ಕೂತಿಲ್ಲ.